ಕಾಲು ಮೇಲಾದ ಕೊಕ್ಕರೆ

ತಣ್ಣಗಿದೆ, ಅಂಗಡಿಯನ್ನು ಇಷ್ಟು ತಣ್ಣಗೆ ಯಾಕಿಟ್ಟಿದ್ದಾರೋ, ಬಾಟಲಿಗಳಿಗೂ ಸೆಕೆಯಾಗುತ್ತದೇನೋ, ಹಣೆಯ ಮೇಲೆ ವಿಭೂತಿ ಒರೆಸಿದ ಜಾಗ ಮಾತ್ರ ಇನ್ನೂ ಹೆಚ್ಚು ತಣ್ಣಗಾಗುತ್ತಿದೆ, ಅಂಬಾರಾಯರು ಕರ್ಚೀಫು ಮಡಿಸಿ ಜೇಬಿಗೆ ತುರುಕಿಕೊಂಡರು, ಅರವತ್ತೊಂದು ವರ್ಷದಲ್ಲಿ ಹಾಡುಹಗಲೇ ವಿಭೂತಿ ಒರೆಸಿಕೊಂಡದ್ದು ಇದೇ ಮೊದಲು, ಅದೂ ರಿಕ್ಷಾದಲ್ಲಿ ಕೂತು, ಕಳ್ಳನ ಹಾಗೆ, ಬಿಬ್ವೇವಾಡಿಯ ಮನೆ ಬಿಟ್ಟು ಊರಿನ ಆಚೆ ಕಡೆಯ ಕೋರೆಗಾಂವ್ ಪಾರ್ಕಿಗೆ ಬಂದದ್ದೇ ಮಾರ್ಕೆಟ್ ಯಾರ್ಡಿನ ವ್ಯಾಪಾರಿಗಳು ಯಾರೂ ನೋಡದಿರಲಿ ಅಂತ — ನೋಡಿದರೆ ಏನಂದಾರು, ಒಣದ್ರಾಕ್ಷಿ ಅಂಬಾರಾಯ ಸಾವಕಾರರು ದಾರೂ ಅಂಗಡಿ ಹೊಕ್ಕರಂತೆ, ಮಗ ಸತ್ತ ಮೇಲೆ ತಲೆ ಕೆಟ್ಟಿತಂತೆ, ಅನ್ನಲಿ ಬಿಡು, ಕೆಟ್ಟದ್ದಂತೂ ನಿಜ. ಹೆಂಡತಿ ರುದ್ರವ್ವ ಹೇಳಿ ಕಳಿಸಿದ್ದು ಒಂದೇ ಕೆಲಸ, ಡಿಸೆಂಬರಿನಿಂದ ಈಚೆಗೆ ಅವಳು ಇವರ ಹತ್ತಿರ ಎಣಿಸಿದಷ್ಟು ಮಾತು ಆಡುತ್ತಾಳೆ, ಊಟಕ್ಕ ಬರ್ರಿ, ಗುಳಗಿ ತಗೋರಿ, ಅಷ್ಟೇ, ಇವತ್ತು ಬೆಳಿಗ್ಗೆ ಮಾತ್ರ ಎದುರಿಗೆ ಬಂದು ನಿಂತಳು, ನಾಳಿ ಅಮಾಸಿ, ಹಿರಿಯರ ಎಡಿಯೊಳಗ ಈ ಸಲ ಸ್ವಪ್ನಿಲನೂ ಬಂದ, ಅವಂಗ ಸೇರೂದು ಇಡಬೇಕ್ರಿ, ಹೋಳಿಗಿ ನಾ ಮಾಡ್ತೀನಿ, ಬಾಟಲಿ ನೀವ ತರ್ರಿ, ಅವ ಅವತ್ತ ತಂದಿದ್ನಲ್ಲ, ಅದನ್ನ. ಯಾರನ್ನಾದರೂ ಕಳಿಸೋಣ ಅಂದದ್ದಕ್ಕೆ ಅವಳು ನೋಡಿದ ನೋಟ, ಅಬ್ಬಾ, ಅದರ ಬದಲು ಎರಡು ಬೈದಿದ್ದರೂ ಚೆನ್ನಾಗಿತ್ತು. ಸತ್ತವರು ಇಷ್ಟಪಟ್ಟದ್ದನ್ನು ಎಡೆಗಿಡುವುದು ಮನೆಯಲ್ಲಿ ನಡೆದುಕೊಂಡು ಬಂದದ್ದೇ, ಅಪ್ಪನಿಗೆ ತಂಬಾಕು, ಅವ್ವನಿಗೆ ನಶ್ಯದ ಡಬ್ಬಿ, ಆದರೆ ಹೆಂಡ ಆ ಬಾಳೆ ಎಲೆಯ ಹತ್ತಿರ ಯಾವ ತಲೆಮಾರಿನಲ್ಲೂ ಸುಳಿದದ್ದಿಲ್ಲ, ಇಪ್ಪತ್ತೊಂಬತ್ತರ ಹುಡುಗ ಹಿರಿಯರ ಸಾಲಿನಲ್ಲಿ ಕೂತದ್ದೂ ಇಲ್ಲ, ನಾಳೆ ಅವನ ಫೋಟೋಕ್ಕೆ ಇವರೇ ಅಡ್ಡಬೀಳಬೇಕು, ಅಪ್ಪ ಮಗನಿಗೆ. ದೇವರೇ, ಇದು ಯಾವ ಲೆಕ್ಕ.

ಏನು ಬೇಕು ಕಾಕಾ, ಅಂದಳು ಅಂಗಡಿಯ ಹುಡುಗಿ, ಮರಾಠಿಯಲ್ಲಿ, ಎದೆಯ ಮೇಲಿನ ಪಟ್ಟಿಯಲ್ಲಿ ಸಾಯಲಿ ಎಂದು ಹೆಸರು, ನಗುಮೊಗದವಳು, ಸ್ವಪ್ನಿಲನ ವಯಸ್ಸಿನವಳೇ, ಮೆರ್ಲೊ, ಅಂದರು ಅಂಬಾರಾಯರು, ಸ್ವಪ್ನಿಲ ದಿನಾ ಆಡುತ್ತಿದ್ದ ವೈನಿನ ಹೆಸರು ಇವರ ಬಾಯಿಂದ ಹೊರಬಿದ್ದದ್ದು ಇದೇ ಮೊದಲು, ಒಳ್ಳೇದು ಬೇಕು, ಎಲ್ಲಕ್ಕಿಂತ ಒಳ್ಳೇದು. ಯಾರಿಗೆ ಕಾಕಾ? ಮಗನಿಗೆ. ಹುಟ್ಟುಹಬ್ಬವಾ? ತಲೆಯಾಡಿಸಿಬಿಟ್ಟರು, ಇನ್ನೇನು ಹೇಳುವುದು ಆ ನಗುಮುಖಕ್ಕೆ, ಅವಳು ಹುರುಪಿನಿಂದ ಒಂದೊಂದೇ ಕೆಳಗಿಳಿಸಿ ಕಟ್ಟೆಯ ಮೇಲಿಟ್ಟಳು, ಇದು ಬರೀ ಮೆರ್ಲೊ, ಇದರಲ್ಲಿ ಬೇರೆ ದ್ರಾಕ್ಷಿ ಸ್ವಲ್ಪ ಕೂಡಿಸಿದೆ, ಇದು ಮರದ ಪೀಪಾಯಿಯಲ್ಲಿ ಒಂದೂವರೆ ವರ್ಷ ಇದ್ದದ್ದು, ಅವರಿಗೆ ಮೆತ್ತನೆಯದು ಇಷ್ಟವಾ, ಖಡಕ್ ಇಷ್ಟವಾ? ಗೊತ್ತಿಲ್ಲ. ಈಗಲೇ ಕುಡಿಯುತ್ತಾರಾ, ನಾಲ್ಕೈದು ವರ್ಷ ಇಡುತ್ತಾರಾ? ಅಂಬಾರಾಯರು ಕಟ್ಟೆಯ ಅಂಚು ಹಿಡಿದುಕೊಂಡರು, ಇಡುವುದಿಲ್ಲ, ಅಂದರು. ಶೇಂಗಾ ಹಿಂಡಿ ಇಷ್ಟ, ಕಟಿ ರೊಟ್ಟಿ ಮೊಸರಲ್ಲಿ ಮುರಿದು ನೆನೆಸಿ ತಿನ್ನೋದು ಇಷ್ಟ, ಬದನೆಕಾಯಿ ಕಂಡರಾಗದು, ಅದೆಲ್ಲ ಕೇಳಿದ್ದರೆ ಗಡಗಡ ಹೇಳುತ್ತಿದ್ದರು, ಆದರೆ ಹತ್ತು ವರ್ಷ ಅವನು ಜೀವ ತೇದ ವಿದ್ಯೆಯಲ್ಲಿ ಅವನಿಗೆ ಯಾವುದು ಸೇರುತ್ತಿತ್ತು ಅಂತ ಒಮ್ಮೆಯೂ ಕೇಳಿದವರಲ್ಲ, ಬಾರಾಮತಿ ಕಡೆಯ ಯಾವುದೋ ವೈನರಿಯಲ್ಲಿ ರುಚಿ ನೋಡುವ ಕೆಲಸ, ಬೀಗರು ಕೇಳಿದರೆ ಹಣ್ಣಿನ ಕಂಪನಿ ಅಂತ ಹೇಳಿ ಮಾತು ಮುಗಿಸುತ್ತಿದ್ದರು, ಮನೆಗೆ ಬಂದವನು ಹೊರಗಿನ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿಯೇ ಹೊಸ್ತಿಲು ದಾಟಬೇಕು, ದಾಟುತ್ತಿದ್ದ, ಒಂದು ದಿನವೂ ಎದುರಾಡಿದವನಲ್ಲ. ಒಂದು ಬಾಟಲಿ ಕೈಗೆತ್ತಿಕೊಂಡರು, ಹೆಬ್ಬೆರಳು ಹಾಗೇ ಗಾಜನ್ನು ಒತ್ತಿ ನೋಡಿತು, ಯಾರ್ಡಿನಲ್ಲಾದರೆ ಎರಡು ಬೆರಳ ನಡುವೆ ಒಂದೇ ಒಂದು ಒಣದ್ರಾಕ್ಷಿ ಒತ್ತಿ, ಮೂಗಿಗೆ ಹಿಡಿದು, ಇದು ತಾಸಗಾವದ ಮಾಲು, ಇದು ವಿಜಯಪುರದ್ದು, ಇದಕ್ಕೆ ಮಳೆ ಬಡಿದಿದೆ ಅಂತ ಕಣ್ಣು ಮುಚ್ಚಿ ಹೇಳುವ ಕೈ, ಇಲ್ಲಿ ಗಾಜು ಒತ್ತಿದರೆ ಏನು ಹೇಳೀತು, ಮೊದ್ದು ಮುದುಕ.

ಅವತ್ತು ತಂದದ್ದೇ ಬೇಕಂತೆ — ಅವತ್ತು, ಹೋದ ವರ್ಷ ಜೂನಿನಲ್ಲಿ, ಇವರಿಗೆ ಅರವತ್ತು ತುಂಬಿದ ದಿನ, ಪೂಜೆ ಮುಗಿಸಿ ಹೊರಗೆ ಬಂದರೆ ಊಟದ ಮೇಜಿನ ಮೇಲೆ ಬಾಟಲಿ, ಬಿರಡೆ ತೆಗೆದದ್ದು, ಪಕ್ಕದಲ್ಲಿ ಸ್ವಪ್ನಿಲ, ಪರೀಕ್ಷೆಗೆ ಕೂತ ಹುಡುಗನ ಮುಖ, ಅಪ್ಪಾ, ಕುಡೀರಿ ಅನ್ನಂಗಿಲ್ಲ ನಾ, ಬರೇ ವಾಸನಿ ನೋಡ್ರಿ, ನಾನ ಆರಿಸಿದ್ದು ಇದು, ಮೆರ್ಲೊ ಅಂದ್ರ ಭಾಳ ಸಾಧು ದ್ರಾಕ್ಷಿ, ಸಿಪ್ಪಿ ತೆಳು, ಜಲ್ದಿ ಹಣ್ಣಾಗತದ, ಒರಟು ಜಾತಿ ಜೋಡಿ ಕೂಡಿಸಿದ್ರ ಅದನ್ನೂ ಮೆತ್ತಗ ಮಾಡತದ, ನಿಮ್ಮ ಮೂಗ ನನಗ ಬಂದದ ಅಪ್ಪಾ, ಅದರ ಮ್ಯಾಲೇ ನಾ ಅನ್ನ ತಿನ್ನಾಕತ್ತೀನಿ. ಇವರು ಬಾಟಲಿಯ ಕುತ್ತಿಗೆ ಹಿಡಿದು ಬಚ್ಚಲಿಗೆ ನಡೆದು ಬೋರಲು ಹಾಕಿದರು, ಗಳಗಳ ಗಳಗಳ, ಬಿಳಿ ಕಲ್ಲಿನ ಮೇಲೆ ಕೆಂಪು, ನೀರು ಹೋಗುವ ಜಾಳಿಯ ತೂತಿಗೆ ಸೋಪಿನ ಚೂರು ಕೂತು ಕೆಂಪು ಏರತೊಡಗಿತು, ಪಾದದ ತನಕ ಬಂತು, ಹಿಂದೆ ಬಂದು ನಿಂತಿದ್ದ ಸ್ವಪ್ನಿಲ ಕಾಲು ಚಾಚಿ, ಹೆಬ್ಬೆರಳಿನಿಂದ, ಮೆತ್ತಗೆ ಜಾಳಿ ಸರಿಸಿಕೊಟ್ಟ, ಹರಿದುಹೋಗಲಿ ಅಂತ, ಮೆಲ್ಲಕ ಹಾಕ್ರಿ ಅಪ್ಪಾ, ನಲ್ಲಿಗಿ ಬಡದು ಬಾಟಲಿ ಒಡದೀತು, ಕೈಗೆ ಹತ್ತೀತು — ಬೇಡ, ಅದು ಬೇಡ ಈಗ, ಬಾಟಲಿ ಯಾವುದು ಅದನ್ನು ನೆನಪಿಸಿಕೋ. ಹೆಸರು ಓದಲಿಲ್ಲ, ಓದುವುದೆಲ್ಲಿ ಬಂತು, ಬೋರಲು ಹಿಡಿದ ಬಾಟಲಿಯ ಮೇಲೆ ಕಂಡದ್ದು ಬಂಗಾರದ ಬಣ್ಣದ ಹಕ್ಕಿಯೊಂದೇ, ಉದ್ದ ಕಾಲು ಮೇಲೆ, ಕೊಕ್ಕು ಕೆಳಗೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟಕ್ಕೆ ಫೋನು ಬಂತು, ಕೆಲಸದ ಮೇಲೆ ಸಾತಾರಾಕ್ಕೆ ಹೋಗಿ ಬರುತ್ತಿದ್ದ ಸ್ವಪ್ನಿಲನ ಬೈಕಿಗೆ ಕಾತ್ರಜ ಘಾಟಿನ ಇಳಿಜಾರಿನಲ್ಲಿ ಲಾರಿ ಬಡಿದಿದೆ ಅಂತ, ಇವರ ಬಾಯಿಂದ ಮೊದಲು ಬಂದ ಮಾತು, ಕುಡಿದಿದ್ನೇನು? ಉಸಿರದ ಏನು ಅಂತ ಕೇಳಲಿಲ್ಲ, ಎಲ್ಲಿದ್ದಾನ ಅಂತ ಕೇಳಲಿಲ್ಲ, ಕುಡಿದಿದ್ನೇನು, ರುದ್ರವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು, ಅಲ್ಲಿಗೆ ಅವಳ ಮಾತು ನಿಂತಿತು. ಒಂದು ಹನಿ ಇರಲಿಲ್ಲ ಹೊಟ್ಟೆಯಲ್ಲಿ, ಡಾಕ್ಟರು ಬರೆದುಕೊಟ್ಟರು, ಮಣ್ಣಿಗೆ ಬಂದಿದ್ದ ಅವನ ಜೊತೆಗಾರ ವಿಕ್ರಮ ಹೇಳಿದ, ಕಾಕಾ, ನಾವು ರುಚಿ ನೋಡಿ ಉಗುಳುತ್ತೇವೆ, ನುಂಗುವುದಿಲ್ಲ, ಹತ್ತು ವರ್ಷ ಮಗ ಉಗುಳುತ್ತಿದ್ದದ್ದು ಅಪ್ಪನಿಗೆ ತಿಳಿದದ್ದು ಅವನನ್ನು ಮಣ್ಣಿಗಿಟ್ಟ ದಿನ.

ಕಾಕಾ, ಕಾಕಾ, ಹಾಗೆ ಬೋರಲು ಹಿಡೀಬೇಡಿ, ಸಾಯಲಿ ಗಾಬರಿಯಾದಳು, ಇವರು ಕೇಳುವವರೇ, ಮೊದಲನೆಯದನ್ನು ತಲೆಕೆಳಗು ಮಾಡಿ ನೋಡಿ ಇಟ್ಟರು, ಬಳ್ಳಿಯ ಚಿತ್ರ, ಅಲ್ಲ, ಎರಡನೆಯದು, ಯಾವುದೋ ಕೋಟೆ, ಅಲ್ಲ, ಮೇಲಿನ ಸಾಲಿನದು ಕೊಡವ್ವಾ, ಅಂದರು ಕನ್ನಡದಲ್ಲೇ, ಅವಳಿಗೆ ಏನರ್ಥವಾಯಿತೋ ಪುಣ್ಯಾತ್ಗಿತ್ತಿ ತೆಗೆದುಕೊಟ್ಟಳು, ತಿರುಗಿಸಿದರು, ಬಂಗಾರದ ಕೊಕ್ಕರೆ, ಕಾಲು ಮೇಲೆ, ಕೊಕ್ಕು ಕೆಳಗೆ. ಇದೇ, ಇದೇ. ನೋಡುತ್ತಿದ್ದ ಹಾಗೇ ವಾಸನೆ ಬಂತು, ಬಿರಡೆ ಬಿಗಿದ ಬಾಟಲಿಯಿಂದ ಎಲ್ಲಿಯ ವಾಸನೆ, ಬಂದದ್ದು ಅವತ್ತಿನದು, ಸುರಿಯುವಾಗ ಮೂಗಿಗೆ ಅಡರಿದ್ದು, ಏಪ್ರಿಲಿನಲ್ಲಿ ಹೊಸ ಮಾಲು ಬಂದ ಗೋದಾಮಿನ ಬಾಗಿಲು ಮೊದಲ ಸಲ ತೆರೆದಾಗ ಬರುತ್ತದಲ್ಲ, ಬಿಸಿಲು, ಬೆಲ್ಲ, ಒದ್ದೆ ಮಣ್ಣು, ಅದು, ಇವರು ಜೀವಮಾನವೆಲ್ಲ ಪ್ರೀತಿಸಿದ್ದು, ಮಗ ಹುಡುಕಿ ಹುಡುಕಿ ಅದನ್ನೇ ಬಾಟಲಿಯೊಳಗೆ ತಂದಿದ್ದ, ಹಿತವಾಗಿತ್ತು, ಭಾಳ ಹಿತವಾಗಿತ್ತಪ್ಪಾ, ಗೊತ್ತಾಗಿತ್ತು ನನಗೆ, ಗೊತ್ತಾಗಿಯೂ ಸುರಿದೆ, ಆಮೇಲೆ ಆರು ತಿಂಗಳು ಒಂದೇ ಮೇಜಿನಲ್ಲಿ ಉಂಡೆವು, ಹೇಳಬಹುದಿತ್ತು, ಹಿತವಾಗಿತ್ತು ಅಂತ, ಐದೇ ಅಕ್ಷರ. ಒಳ್ಳೇ ಆಯ್ಕೆ ಕಾಕಾ, ಅನ್ನುತ್ತಿದ್ದಾಳೆ ಹುಡುಗಿ, ಮಗನಿಗೆ ಹೇಳಿ, ಕುಡಿಯುವ ಅರ್ಧ ಗಂಟೆ ಮೊದಲು ಬಿರಡೆ ತೆಗೆದಿಡಬೇಕು ಇದಕ್ಕೆ, ಗಾಳಿ ಆಡಿದರೇ ವಾಸನೆ ಬಿಚ್ಚಿಕೊಳ್ಳೋದು — ಅರ್ಧ ಗಂಟೆ ಮೊದಲು, ಹಾಗಾದರೆ ಇವರು ಒಳಗೆ ಪೂಜೆಯ ಗಂಟೆ ಬಾರಿಸುತ್ತಿದ್ದಾಗ ಅವನು ಹೊರಗೆ ಬಿರಡೆ ತೆಗೆದು, ಗಾಳಿಯಾಡಲಿ ಅಂತ, ಅಪ್ಪನ ಮೂಗಿಗೆ ಪೂರ್ತಿ ಬರಲಿ ಅಂತ, ಅರ್ಧ ಗಂಟೆ, ಬಾಟಲಿಯ ಪಕ್ಕ, ಕಾದು ನಿಂತಿದ್ದ — ಸುರಿಯುವಾಗ ಮಾತ್ರ ಮೆಲ್ಲಗೆ, ಕಾಕಾ, ಮೆಲ್ಲಗೆ ಸುರಿಯೋಕೆ ಹೇಳಿ, ನೆಟ್ಟಗೆ ಹಿಡೀರಿ ಈಗಲಾದರೂ, ಕೊಡಿ, ಕಟ್ಟಿಕೊಡ್ತೀನಿ, ಕಾಕಾ, ಆದರೆ ಅಂಬಾರಾಯರ ಕೈ ಬಾಟಲಿಯನ್ನು ನೆಟ್ಟಗೆ ಮಾಡಲಿಲ್ಲ, ಬಿಳಿ ಕಲ್ಲು, ಏರುತ್ತಿರುವ ಕೆಂಪು, ಮೆಲ್ಲಕ ಹಾಕ್ರಿ ಅಪ್ಪಾ, ಚಾಚಿದ ಕಾಲು, ಕೆಂಪು ನೀರಿನಲ್ಲಿ ಜಾಳಿ ಸರಿಸುತ್ತಿರುವ ಆ ಹೆಬ್ಬೆರಳು, ಆ ಹೆಬ್ಬೆರಳು.