ಉದ್ಘಾಟನೆಯ ಚೆಂಡು

ನಾಸಿಕದಿಂದ ಹೊರಟ ಬಸ್ಸು ನಿಫಾಡ್ ದಾಟುವಷ್ಟರಲ್ಲಿ ರುಚಿತಾ ಮತ್ತೆ ಅದೇ ಮಾತು ತೆಗೆದಳು.

“ಮುಂದಿನ ವಾರ ಟೀಮಿನ ಕ್ಯಾಂಪ್ ಅದ ಅವ್ವಾ. ಒಂದ್ಸಲ ಹೂಂ ಅಂದ್ಬಿಡು.”

“ಬೆನ್ನಿಗೆ ಎರಡು ಸಲ ಆಪರೇಶನ್ ಆಗೇದ. ದವಾಖಾನ್ಯಾಗ ಕೂತಾಕಿ ನಾನು, ನಿಮ್ಮ ಟೀಮಿನವರಲ್ಲ,” ಎಂದು ಅಲಕಾ ಕಿಟಕಿಯತ್ತ ಮುಖ ತಿರುಗಿಸಿದಳು.

ಭಾರತ ತಂಡಕ್ಕಾಗಿ ಏಳು ವರ್ಷ ವೇಗದ ಬೌಲಿಂಗ್ ಮಾಡಿ, ಪರದೇಶದ ಆಟಗಾರ್ತಿಯರ ನಿದ್ದೆ ಕೆಡಿಸಿದವಳು ರುಚಿತಾ. ಅಂಥವಳಿಗೆ ಅವ್ವನಿಂದ ಒಂದು ‘ಹೂಂ’ ಪಡೆಯುವುದು ಆಗಿರಲಿಲ್ಲ. ಡಾಕ್ಟರೇನೋ ಆಡಬಹುದು ಎಂದಿದ್ದರು. ಆದರೆ ಅಪ್ಪ ಹೋದ ಮೇಲೆ ಬ್ಯಾಂಕಿನ ನೌಕರಿ, ನಾಸಿಕದವರೆಗಿನ ವರ್ಗಾವಣೆ, ಮನೆ ಎಲ್ಲವನ್ನೂ ಒಬ್ಬಳೇ ತೂಗಿಸಿದ ಧಾರವಾಡದ ಈ ಹೆಂಗಸಿನ ಮಾತು ಮೀರಲು ಮನಸ್ಸು ಬಾರದು. ಚೆಂಡು ಮುಟ್ಟದ ಕೈ ಮಾತ್ರ ಹಗಲೆಲ್ಲ ಹಪಹಪಿಸುತ್ತಿತ್ತು.

ಸಂಭಾಜಿನಗರದ ಮೈದಾನದಲ್ಲಿ ಹುಡುಗಿಯರ ಪಂದ್ಯಾವಳಿಯ ಉದ್ಘಾಟನೆ; ಅತಿಥಿ ರುಚಿತಾ. ಇಂಥ ಕಡೆಯ ನಾಟಕ ಗೊತ್ತಿದ್ದದ್ದೇ. ಹಾರ ಹಾಕಿಸಿಕೊಂಡ ನಗರಸೇವಕರು, ಅಂದರೆ ಆ ವಾರ್ಡಿನ ಕಾರ್ಪೊರೇಟರು, ಬ್ಯಾಟು ಹಿಡಿಯಬೇಕು, ಕರೆಸಿದ ಅತಿಥಿ ಟೆನಿಸ್ ಚೆಂಡನ್ನು ಮೆಲ್ಲಗೆ ಹಾಕಬೇಕು, ಅವರು ಹೊಡೆಯಬೇಕು, ಪೇಪರಿನಲ್ಲಿ ಫೋಟೋ ಬರಬೇಕು.

ರುಚಿತಾ ಚೆಂಡು ಹಿಡಿದು ಹಿಂದಕ್ಕೆ ನಡೆದಳು. ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಹೆದರಿ ಎಂದೂ ಮೈದಾನಕ್ಕೆ ಬಾರದ ಅವ್ವ ಇವತ್ತು ವೇದಿಕೆಯ ಮೇಲೆ ಕೂತಿದ್ದಾಳೆ. ಕಣ್ಣಾರೆ ನೋಡಲಿ ಎನಿಸಿತು.

“ಹಳೂ ಟಾಕಾ, ಹಳೂ!” ಮೆಲ್ಲಗೆ ಹಾಕಮ್ಮ ಎಂದು ನಗರಸೇವಕರು ಮರಾಠಿಯಲ್ಲಿ ಗೋಗರೆದರು.

ಅವಳು ಪೂರಾ ಓಡಿ ಬಂದು ಎಸೆದಳು. ಅವರಿಗೆ ಚೆಂಡೇ ಕಾಣಲಿಲ್ಲ. ಸದ್ದಿಗೆ ತಿರುಗಿ, ಬಿದ್ದ ವಿಕೆಟ್ ನೋಡಿ, ತಾವೇ ಮೊದಲು ಚಪ್ಪಾಳೆ ತಟ್ಟಿದರು. ಪುಣ್ಯಾತ್ಮರು.

ಆದರೆ ಕಾಲೂರಿದ ಕ್ಷಣದಲ್ಲೇ ರುಚಿತಾಳ ಸೊಂಟದ ಮೇಲೆ ಏನೋ ಛಳಕ್ಕೆಂದಿತ್ತು. ಆ ನೋವಿನ ಗುರುತು ಅವಳಿಗೆ ಚೆನ್ನಾಗಿಯೇ ಇತ್ತು. ನಗುತ್ತಲೇ ವೇದಿಕೆಗೆ ಬಂದು, ಹಲ್ಲು ಕಚ್ಚಿ ಅವ್ವನ ಪಕ್ಕದಲ್ಲಿ ಕೂತಳು.

ಅಲಕಾಳ ಕಣ್ಣು ತುಂಬಿ ಬಂದಿತ್ತು. “ಟೀವಿಯೊಳಗ ಇದೆಲ್ಲಾ ತಿಳೀತಿರಲಿಲ್ಲ ನೋಡು. ಇಂಥಾಕಿನ್ನ ತಡಿಯೋ ನಾ ಯಾರು? ಹೋಗು ಕ್ಯಾಂಪಿಗೆ. ನಾನೇ ಬಿಟ್ಟು ಬರ್ತೀನಿ.”

ವರ್ಷದಿಂದ ಕಾದ ಮಾತು ಅದು. ಇನ್ನೊಂದು ಗಳಿಗೆ ಅದನ್ನು ತನ್ನದಾಗಿಯೇ ಇಟ್ಟುಕೊಳ್ಳಬೇಕೆಂದು ರುಚಿತಾಳಿಗೆ ವಿಪರೀತ ಆಸೆಯಾಯಿತು.

“ಏಳು, ಫೋಟೋಕ್ಕ ಕರೀಲಿಕತ್ತಾರ,” ಎಂದಳು ಅಲಕಾ.

“ಕೈ ಕೊಡು ಅವ್ವಾ,” ಎಂದಳು ರುಚಿತಾ. “ಏಳಲಿಕ್ಕೆ ಆಗವಲ್ತು.”