ಮೋರ್ಯರ ಗುಡ್ಡೆಯ ಬೀಜದ ಮುಡೆ

ಬಂದವನ ಕೈಯಲ್ಲಿ ಬರೀ ಕೊಡೆಯಿದ್ದಿದ್ದರೆ ಗಿಡ್ಡಮ್ಮ ನಂಬುತ್ತಿದ್ದಳೋ ಏನೋ. ಇನ್ನೊಂದು ಕೈಯಲ್ಲಿ ಕಬ್ಬಿಣದ ಮೊನೆಯ ಕೋಲೂ ಇತ್ತು. ಸರ್ಕಾರಕ್ಕೆ ಭತ್ತ ವಸೂಲಿ ಮಾಡುವ ಲೆವಿಯವರು ಹಿಡಿದು ಬರುವುದೂ ಅಂಥದ್ದೇ. ಯುದ್ಧ ಎಲ್ಲೋ ನಡೆಯುತ್ತಿತ್ತಂತೆ, ಭತ್ತ ಮಾತ್ರ ಕಳಸದ ಸುತ್ತಿನವರ ಕಣಜದಿಂದ ಹೋಗಬೇಕು! ಬಣವೆ, ಅಟ್ಟ, ಗೊಬ್ಬರದ ಗುಂಡಿ ಯಾವುದನ್ನೂ ಬಿಡದೆ ಸರಳಿನಿಂದ ತಿವಿದು ನೋಡುತ್ತಿದ್ದರು.

ಅದಕ್ಕೇ ಗಿಡ್ಡಮ್ಮ ಮುಂದಿನ ಮಳೆಗೆ ಬಿತ್ತಲು ಉಳಿಸಿದ್ದ ಬೀಜದ ಭತ್ತವನ್ನು ಹುಲ್ಲಿನಲ್ಲಿ ಮುಡೆ ಕಟ್ಟಿ, ಕಾಡಂಚಿನ ಮೋರ್ಯರ ಗುಡ್ಡೆಯೊಳಗೆ ಅಡಗಿಸಿಟ್ಟಿದ್ದಳು. ಯಾವ ಕಾಲದಲ್ಲೋ ಸತ್ತವರ ಮೇಲೆ ಪೇರಿಸಿದ ಕಲ್ಲುರಾಶಿ ಅದು. ನಡುವೆ ಚಪ್ಪಡಿ ನಿಲ್ಲಿಸಿದ ಗೂಡು. ಹೆಣದ ಜಾಗವೆಂದು ದನ ಕಾಯುವವರೂ ಅತ್ತ ಸುಳಿಯುತ್ತಿರಲಿಲ್ಲ. ಆ ಭತ್ತ ಹೋದರೆ ಗದ್ದೆ ಬೀಳು ಬೀಳುತ್ತದೆ, ಗಂಡ ಹೆಂಡತಿ ಇಬ್ಬರೂ ಎಸ್ಟೇಟಿನ ಕೂಲಿಲೈನು ಸೇರಬೇಕಾಗುತ್ತದೆ.

"ಇಲ್ಲೊಂದು ಹಳೇ ಕಲ್ಲುಗುಡ್ಡೆ ಇದೆಯಂತಲ್ಲ ಅಮ್ಮ, ದಾರಿ ತೋರಿಸ್ತೀರಾ?" ಎಂದ ಬಂದವನು. "ನಾನು ವಿಷ್ಣುಮೂರ್ತಿ ಅಂತ, ಆಲ್ದೂರಲ್ಲಿ ಮೇಷ್ಟ್ರು. ಹಳೇ ಸಮಾಧಿ ನೋಡೋ ಹುಚ್ಚು."

ಸಮಾಧಿ ನೋಡುವ ಹುಚ್ಚಂತೆ! ಕಿವಿಗೆ ಹೂ ಇಡುವುದಕ್ಕೂ ಒಂದು ಮಿತಿ ಬೇಡವೇ?

"ಅಲ್ಲೇನೂ ಇಲ್ಲ ಸ್ವಾಮಿ. ಬರೀ ಲಂಟಾನ, ಹಾವು."

"ಹಾವಿಗೇ ಈ ಕೋಲು ತಂದಿದ್ದು."

ಅವನೊಬ್ಬನನ್ನೇ ಬಿಡುವುದಕ್ಕಿಂತ ಬೆನ್ನಿಗೆ ಬೀಳುವುದೇ ವಾಸಿಯೆಂದು ಗಿಡ್ಡಮ್ಮ ಕತ್ತಿ ಹಿಡಿದು ಹೊರಟಳು.

ಗುಡ್ಡೆಯನ್ನು ಬಳ್ಳಿ, ಲಂಟಾನ ನುಂಗಿಬಿಟ್ಟಿದ್ದವು. ಅವನು ಕಲ್ಲಿನ ಪಾಚಿ ಕೆರೆದ, ಒಡೆದ ಮಡಕೆಯ ಚೂರೊಂದನ್ನು ಎತ್ತಿ ಬಿಸಿಲಿಗೆ ಹಿಡಿದು ಹಿಗ್ಗಿದ. ಎಂಥ ನಾಟಕ ಎಂದುಕೊಂಡು ಗಿಡ್ಡಮ್ಮ ಗೂಡಿನ ಬಾಯಿಗೆ ಬೆನ್ನು ಕೊಟ್ಟು ನಿಂತಳು.

"ಸ್ವಲ್ಪ ಸರೀರಿ ಅಮ್ಮ."

ಅವಳು ಕದಲಲಿಲ್ಲ. ಅವನು ಪಕ್ಕದಿಂದಲೇ ಬಗ್ಗಿ ಒಳಗೆ ಕೈಯಿಟ್ಟ. ಕೈ ಹೊರಬಂದಾಗ ಅದರಲ್ಲಿ ಹುಲ್ಲೆಳೆ, ನಾಲ್ಕು ಕಾಳು ಭತ್ತ. ಅವನು ಭತ್ತ ನೋಡಿದ, ಅವಳ ಮುಖ ನೋಡಿದ. ಗಿಡ್ಡಮ್ಮನ ಕೈ ಕತ್ತಿಯ ಹಿಡಿಯ ಮೇಲೆ ಬಿಗಿಯಾಯಿತು.

"ಸತ್ತವರಿಗೆ ಇಟ್ಟಿದ್ದು. ನಾವು ಮುಟ್ಟಬಾರದು," ಎಂದು ಕಾಳುಗಳನ್ನು ಒಳಗೇ ಹಾಕಿದ. "ನೀವು ಹೊರಡಿ, ನಾನೊಂದು ಗಳಿಗೆ ಇದ್ದು ಹೋಗ್ತೀನಿ."

ಆಹಾ, ಎಷ್ಟು ನಯ! ನಾಳೆ ಅಮಲ್ದಾರರನ್ನೇ ಕರೆತರುತ್ತಾನೆ, ಸಂಶಯವೇ ಬೇಡ. ಗಿಡ್ಡಮ್ಮ ಮನೆಗೆ ಓಡಿದಳು. ಮೇಷ್ಟ್ರು ರಸ್ತೆ ಇಳಿದು ಹೋದದ್ದು ಕಂಡ ಕೂಡಲೇ ಗಂಡ ಲಕ್ಕಯ್ಯನನ್ನು ಗುಡ್ಡೆಗೆ ಅಟ್ಟಿ, ಆ ಗಡಿಬಿಡಿಯಲ್ಲಿ ಬೇರೆಲ್ಲೂ ತೋಚದೆ ತಾನು ಅಟ್ಟದಲ್ಲೇ ಜಾಗ ಮಾಡಿದಳು.

ಲಕ್ಕಯ್ಯ ಮುಡೆ ಹೊತ್ತು ಬಂದವನೇ ಗೊಣಗಿದ. "ಅಷ್ಟೊಂದು ಮುಳ್ಳು ಯಾಕೆ ಒಟ್ಟಿದ್ಯೆ? ಕೈಯೆಲ್ಲ ಪರಚಿ ಹೋಯ್ತು."

"ಮೊದಲು ಮೇಲಿಡು ಮಾರಾಯ!" ಎಂದಳು. ಅವನ ಮಾತು ಕಿವಿಗೇ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಲೆವಿಯವರು ಬಂದರು. ನೆಟ್ಟಗೆ ಅಟ್ಟ ಹತ್ತಿದರು. ಮುಡೆ ಅಂಗಳಕ್ಕೆ ಬಿತ್ತು.

"ಬೀಜದ ಭತ್ತ ಸ್ವಾಮಿ, ಕಾಲಿಗೆ ಬೀಳ್ತೀನಿ!"

"ಬೀಜವಾದ್ರೆ ಬಚ್ಚಿಡೋದ್ಯಾಕೆ? ಹೇಗೆ ನಂಬೋದು?" ಎಂದು ಅವರಲ್ಲಿ ಹಿರಿಯ ಮುಡೆಯನ್ನು ಗಾಡಿಗೆ ಹಾಕಿಸಿದ.

"ಆ ಹಾಳು ಮೇಷ್ಟ್ರು ಚಾಡಿ ಹೇಳಿದ್ದು ತಾನೆ?"

"ಯಾವ ಮೇಷ್ಟ್ರು? ಇವತ್ತು ನಿಮ್ಮೂರ ಸರದಿ. ಮನೆಮನೆ ನೋಡ್ತಿದ್ದೀವಿ, ಆ ಹೆಣದ ಗುಡ್ಡೆ ಒಂದು ಬಿಟ್ಟು. ಅಲ್ಲಿಗೆ ಯಾರು ಹೋಗ್ತಾರೆ?"

ಗಾಡಿ ತಿರುವು ದಾಟಿತು. ಗಿಡ್ಡಮ್ಮ ತಿರುಗಿ ಗಂಡನ ಕೈಗಳನ್ನು ನೋಡಿದಳು. ಮೊಣಕೈವರೆಗೂ ಕೆಂಪು ಗೀರುಗಳು.

"ಎಲ್ಲಿತ್ತು ಅಂದೆ ಮುಳ್ಳು?"

"ಗೂಡಿನ ಬಾಯಿಗೆ. ಕಲ್ಲು ಒತ್ತಿ, ಮೇಲೆ ಲಂಟಾನ ಮುರಿದು ಮುಚ್ಚಿತ್ತು. ಕಾಲುದಾರಿಗೂ ಸೊಪ್ಪು ಹಾಸಿತ್ತು. ನೀನೇ ಅಲ್ವೇನೆ?"

"ನಾನು ಒಂದು ಮುಳ್ಳೂ ಒಟ್ಟಿರಲಿಲ್ಲ ಮಾರಾಯ. ಆ ಮೇಷ್ಟ್ರೇ ಮುಚ್ಚಿ ಹೋಗಿದ್ದು," ಎಂದವಳೇ ಗಿಡ್ಡಮ್ಮ ಅಂಗಳದಲ್ಲಿ ಕುಸಿದು ಗೋಳೋ ಎಂದು ಅತ್ತಳು.