ಒದಾಲಿಸ್ ಬಿಟ್ಟುಹೋಗುತ್ತಿದ್ದ ಕುರ್ಚಿ

ಮಧ್ಯಾಹ್ನ ಎದುರುಮನೆ ಒದಾಲಿಸಳ ಅಳಿಯ ಎಮೆಲಿನಾಳ ಮನೆಗೆ ಬಂದು, ಅಲ್ಲಿದ್ದ ಅತ್ತೆಯ ತೂಗುಕುರ್ಚಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೋದ. ಯಾಕೆಂದು ಎಮೆಲಿನಾ ಕೇಳಲಿಲ್ಲ. ಕೇಳಿದರೆ ಅವನು ಹೇಳಿಬಿಟ್ಟಾನು ಎಂಬುದೇ ಅವಳ ಭಯ.

ಕಮಾಗ್ವೇ ಊರಿನ ಆ ಬೀದಿಗೆ ಮೊದಲ ಟಿವಿ ಬಂದದ್ದು ಅವಳ ಮನೆಗೆ. ಒಳ್ಳೆಯ ಕೆಲಸಗಾರನೆಂದು ಸಕ್ಕರೆ ಕಾರ್ಖಾನೆಯವರು ಗಂಡನಿಗೆ ಕೊಟ್ಟದ್ದು. ಧಾರಾವಾಹಿಯ ಹೊತ್ತಿಗೆ ಬೀದಿಯವರೆಲ್ಲ ತಂತಮ್ಮ ಕುರ್ಚಿ ಹೊತ್ತು ಬರುತ್ತಿದ್ದರು. ಚಿತ್ರ ಮಸುಕಾದರೆ ಗಂಡ ಸೂರು ಹತ್ತಿ, ಆಂಟೆನಾ ಮಾಡಿಕೊಂಡಿದ್ದ ಅಲ್ಯೂಮಿನಿಯಂ ಊಟದ ತಟ್ಟೆಯನ್ನು ತಿರುಗಿಸುತ್ತಿದ್ದ. ಒಳಗಿನವರು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಅವನನ್ನು ಕುಣಿಸುತ್ತಿದ್ದರು. ಮುಗಿದ ಮೇಲೆ ಅವರವರ ಕುರ್ಚಿ ಅವರವರ ಮನೆಗೆ. ಒದಾಲಿಸ್ ಮಾತ್ರ ತನ್ನದನ್ನು ಅಲ್ಲೇ ಬಿಟ್ಟುಹೋಗುತ್ತಿದ್ದಳು. ನಾಳೆಯೂ ಬರುತ್ತೇನೆಂದು ಬೇರೆ ಹೇಳಬೇಕಾಗಿರಲಿಲ್ಲ.

ಬರಬರುತ್ತ ಎಲ್ಲರ ಮನೆಯಲ್ಲೂ ಟಿವಿಯಾಯಿತು. ಕುರ್ಚಿಗಳು ಕಡಿಮೆಯಾದವು, ಗಂಡನೂ ತೀರಿಕೊಂಡ. ಒದಾಲಿಸ್ ಬರುವುದು ನಿಲ್ಲಲಿಲ್ಲ. ಆದರೆ ಹೋದ ತಿಂಗಳು ಮಗಳು ಅವಳಿಗೆ ಫೋನ್ ಕೊಟ್ಟಳು, ಟಿವಿಯಲ್ಲಿ ಇನ್ನೂ ಬರದ ಕಂತುಗಳೂ ಸೇರಿ ಈಗಿನ ಇಡೀ ಧಾರಾವಾಹಿಯನ್ನು ಅದರೊಳಗೆ ತುಂಬಿಸಿ. ಆಮೇಲೆ ಒಂದು ಸಲ ಮಂಡಿನೋವು, ಇನ್ನೊಂದು ಸಲ ನೆಗಡಿ. ಇವತ್ತು ಕೊನೆಯ ಕಂತು. ಇವತ್ತೇ ಕುರ್ಚಿಯೂ ಹೋಯಿತು.

ಸಂಜೆ ಎಮೆಲಿನಾ ಇಬ್ಬರಿಗಾಗುವಷ್ಟು ಕಾಫಿ ಮಾಡಿದಳು. ಚೆಲ್ಲಿದರಾಯಿತು ಎಂದುಕೊಂಡಳು. ಕುರ್ಚಿಯಿದ್ದ ಜಾಗದ ಕಡೆ ನೋಡದೆ ಟಿವಿ ಹಾಕಿದಳು.

ತೆರೆಯ ಮೇಲೆ ಶುರುವಿನ ಹೆಸರುಗಳು ಓಡುತ್ತಿರುವಾಗ ಬಾಗಿಲಿಗೆ ಏನೋ ತಗುಲಿದ ಸದ್ದು. ಒದಾಲಿಸ್ ಏದುಸಿರು ಬಿಡುತ್ತ ಕುರ್ಚಿಯನ್ನು ಒಳಗೆ ನೂಕುತ್ತಿದ್ದಳು. ಹರಿದ ಬೆತ್ತ ತೆಗೆದು ಹೊಸದು ಹೆಣೆಸಿದ್ದ ಕೂರುವ ಜಾಗ ಹೊಳೆಯುತ್ತಿತ್ತು.

"ನಿಂಗೆ ಹೇಳಿದ್ರೆ ನೀನೇ ನೈಲಾನ್ ದಾರದಲ್ಲಿ ಹೊಲಿದು ಹಾಳು ಮಾಡ್ತಿದ್ದೆ, ಅದಕ್ಕೇ ಹೇಳ್ಲಿಲ್ಲ" ಎಂದಳು. "ಕಾಫಿ ಎಲ್ಲೇ?"

ಎಮೆಲಿನಾ ಲೋಟ ಕೊಟ್ಟಳು.

ಧಾರಾವಾಹಿಯಲ್ಲಿ ತಾಯಿ ಹಡಗುಕಟ್ಟೆಯಲ್ಲಿ ನಿಂತಿದ್ದಳು. ಕಳೆದುಹೋದ ಮಗಳು ಬರುತ್ತಾಳೋ ಇಲ್ಲವೋ ಇನ್ನೂ ಗೊತ್ತಿಲ್ಲ. ಒದಾಲಿಸ್ ಆಗಲೇ ಕರವಸ್ತ್ರ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದಳು. ಎಮೆಲಿನಾ ಅವಳ ಕಡೆ ತಿರುಗಿದಳು.

"ನೋಡಿಬಿಟ್ಟಿದ್ದೀಯಲ್ಲೇ, ಕಳ್ಳಿ."

"ಮೊನ್ನೇನೇ ನೋಡ್ದೆ, ಮಂಚದ ಮೇಲೆ ಒಬ್ಬಳೇ ಮಲಗ್ಕೊಂಡು." ಒದಾಲಿಸ್ ಮೂಗು ಒರೆಸಿಕೊಂಡಳು. "ಒಂದು ಹನಿ ಕಣ್ಣೀರೂ ಬರ್ಲಿಲ್ಲ ಕಣೆ."

"ಹಾಗಿದ್ರೆ ಬಾಯಿ ಮುಚ್ಕೊಂಡು ಅಳು. ನಾನಿನ್ನೂ ನೋಡಿಲ್ಲ."

ತೆರೆಯ ಮೇಲೆ ಮಗಳು ಬಂದಳು. ಇಬ್ಬರೂ ಅತ್ತರು. ಮುಂದಿನ ವಾರದಿಂದ ಬರುವ ಹೊಸ ಧಾರಾವಾಹಿಯ ತುಣುಕು ತೋರಿಸಿದಾಗ, ಅದರ ನಾಯಕನಿಗೆ ಹಲ್ಲು ಜಾಸ್ತಿ ಎಂದು ಇಬ್ಬರೂ ಒಪ್ಪಿದರು. ಒದಾಲಿಸ್ ಎದ್ದಳು. ಕುರ್ಚಿಯನ್ನು ಅದರ ಹಳೆಯ ಜಾಗಕ್ಕೆ, ಗೋಡೆಯ ಪಕ್ಕಕ್ಕೆ ಸರಿಸಿ, ಬರಿಗೈಯಲ್ಲಿ ಬೀದಿ ದಾಟಿದಳು.